ರಾಗಿ ಹೊಲಕ್ಕೆ ಅಕ್ಕಡಿ ಹಾಕೋದು ಹೇಗೆ? ಒಂದೆಕರೆ ಲೆಕ್ಕ

ನಮ್ಮಜ್ಜಿ ಅಂಗಡಿಯಿಂದ ಬೇಳೆ ತಂದಿದ್ದು ನಾನು ನೋಡೇ ಇಲ್ಲ. ಸಂತೆಗೆ ಹೋಗ್ತಿದ್ದಿದ್ದು ಉಪ್ಪು, ಬೆಲ್ಲ, ಸೀಮೆಎಣ್ಣೆಗೆ ಅಷ್ಟೇ, ಮಿಕ್ಕಿದ್ದೆಲ್ಲ ಹೊಲದಿಂದಾನೇ ಬರ್ತಿತ್ತು. ಈಗ ನಮ್ಮೂರಲ್ಲಿ ಹೊಲ ತುಂಬ ರಾಗಿ ಬೆಳೆದು ತೊಗರಿಬೇಳೆ ಪ್ಯಾಕೆಟ್‌ನಲ್ಲಿ ತರ್ತೀವಿ, ನಾನೂ ಸುಮಾರು ವರ್ಷ ಹಂಗೇ ತಂದವನೇ. 2023ನ್ನ ಸಿರಿಧಾನ್ಯ ವರ್ಷ ಅಂತ ಮಾಡಿದಾಗ ಎಲ್ಲೆಲ್ಲೂ ರಾಗಿ ಮಾತೇ ಮಾತು, ಆದ್ರೆ ರಾಗಿ ಯಾವತ್ತೂ ಒಂಟಿಯಾಗಿ ಬೆಳೀತಿರ್ಲಿಲ್ಲ, ಅದರ ಜೊತೆ ಅಕ್ಕಡಿ, ಅಂದ್ರೆ ರಾಗಿ ಸಾಲುಗಳ ನಡುವೆ ಹಾಕೋ ಬೇಳೆಕಾಳು ಎಣ್ಣೆಕಾಳು, ಇರ್ತಿತ್ತು ಅನ್ನೋದನ್ನ ಯಾರೂ ಎತ್ತಲಿಲ್ಲ.

ಮೊದಲು ಬೀಜ ಹೊಂದಿಸ್ಕೊಳ್ಳಿ. ಕೂರಿಗೆಯಲ್ಲಿ (ಕೊಳವೆಗಳಿಂದ ಸಾಲಾಗಿ ಬೀಜ ಬಿಡೋ ಸಾಧನ) ಬಿತ್ತೋದಾದ್ರೆ ಎಕರೆಗೆ ನಾಲ್ಕೈದು ಕೆಜಿ ರಾಗಿ ಸಾಕು, ನಾನು ಹಾಕೋದು ಜಿಪಿಯು-28 ಅನ್ನೋ ತಳಿ, ನೂರಹತ್ತು ಚಿಲ್ಲರೆ ದಿನಕ್ಕೆ ಬರುತ್ತೆ. ಅಕ್ಕಡಿಗೆ ತೊಗರಿ ಒಂದು ಕೆಜಿ, ಅವರೆ ಒಂದು ಕೆಜಿ, ಅಲಸಂದೆ ಒಂದೆರಡು ಹಿಡಿ, ಹರಳು (ಔಡಲ) ಒಂದು ಬೊಗಸೆ, ಹುಚ್ಚೆಳ್ಳು ಸ್ವಲ್ಪ. ಅವರೆ ಮಾತ್ರ ನಾಟಿದೇ ಇರ್ಲಿ, ಮಾಗಿ ಇಬ್ಬನಿ ಬಿದ್ಮೇಲೆ ಕಾಯಿ ಬಿಡೋ ಜಾತಿ, ಆ ಸೊಗಡು ವರ್ಷಪೂರ್ತಿ ಸಿಗೋ ಅವರೆಗೆ ಎಲ್ಲಿಂದ ಬರಬೇಕು!

ಬೇಸಿಗೆಯಲ್ಲೇ ಒಂದು ಮಳೆ ಆದ ತಕ್ಷಣ ಉಳುಮೆ ಮಾಡಿಸಿ, ಎಕರೆಗೆ ಮೂರು ಟನ್ ಕೊಟ್ಟಿಗೆ ಗೊಬ್ಬರ ಹರಡಿ. ಇದರಲ್ಲಿ ವಿಶೇಷ ಏನಿಲ್ಲ, ಎಲ್ರಿಗೂ ಗೊತ್ತಿರೋದೇ.

ಬಿತ್ತನೆಗೆ ನಮ್ಮ ಕಡೆ ಆರಿದ್ರ ಮಳೆಯಿಂದ ಪುನರ್ವಸು ಮಳೆ ಒಳಗೆ, ಅಂದ್ರೆ ಜೂನ್ ಕೊನೆಯಿಂದ ಜುಲೈ ಮಧ್ಯಕ್ಕೆ ಹದ ನೋಡ್ಕೋಬೇಕು. ಎಡವೋದು ಇಲ್ಲೇ. ರಾಗಿ ಕಾಳು ಸಣ್ಣದು, ಒಂದಿಂಚಿಗಿಂತ ಕೆಳಗೆ ಹೋದ್ರೆ ಮೇಲೇಳೋದಿಲ್ಲ, ತೊಗರಿ ಅವರೆಗೆ ಎರಡಿಂಚು ಬೇಕು, ಹಂಗಾಗಿ ಎರಡನ್ನೂ ಕಲಸಿ ಬಿತ್ತೋಕಾಗಲ್ಲ. ಹಿಂದೆ ಕೂರಿಗೆ ಹಿಂದೆ ಹಗ್ಗದಲ್ಲಿ ಒಂದು ಬಿದಿರು ಕೊಳವೆ ಕಟ್ಟೋರು, ಸಡ್ಡೆ ಅಂತ, ಮನೆ ಹೆಣ್ಮಕ್ಕಳು ಮಡಿಲಲ್ಲಿ ಅಕ್ಕಡಿ ಬೀಜ ಕಟ್ಕೊಂಡು ಅದರೊಳಗೆ ಬಿಡ್ತಾ ಹೋಗೋರು. ಎತ್ತಿಲ್ಲ, ಟ್ರ್ಯಾಕ್ಟರೇ ಗತಿ ಅನ್ನೋರು ಕೂರಿಗೆಯ ಪಕ್ಕಪಕ್ಕದ ಎರಡು ಕೊಳವೆಗೆ ಬಟ್ಟೆ ತುರುಕಿ ರಾಗಿ ಬೀಳದಂಗೆ ಮಾಡಿ, ಆ ಎರಡು ಸಾಲಿಗೆ ಹಿಂದಿಂದ ಕೈಯಲ್ಲಿ ಬೀಜ ಬಿಟ್ಟು ಕಾಲಲ್ಲಿ ಮಣ್ಣು ಎಳೆದ್ರಾಯ್ತು. ಎಂಟು ಸಾಲು ರಾಗಿಗೆ ಎರಡು ಸಾಲು ಅಕ್ಕಡಿ, ಬೆಂಗಳೂರು ಕೃಷಿ ವಿವಿಯವರು ತೊಗರಿಗೆ ಹೇಳೋದೂ ಇದೇ 8:2. ನಾನು ಮೊದಲನೇ ವರ್ಷ ಆಸೆಗೆ ಬಿದ್ದು ನಾಲ್ಕು ಸಾಲಿಗೊಂದು ತೊಗರಿ ಹಾಕ್ದೆ, ಅದು ಅಕ್ಟೋಬರ್‌ನಲ್ಲಿ ಹರಡ್ಕೊಂಡು ಮಧ್ಯದ ರಾಗಿ ನೆರಳಲ್ಲಿ ಪೀಚಾಗಿ ತೆನೇನೇ ತುಂಬಲಿಲ್ಲ, ನಮ್ಮಪ್ಪ ಬದುವಿನ ಮೇಲೆ ನಿಂತು ಒಂದು ಮಾತೂ ಆಡದೆ ಹೋದ್ರು.

ಹುಚ್ಚೆಳ್ಳನ್ನ ಹೊಲದ ಸುತ್ತ ಅಂಚಿಗೆ ಹಾಕಿ, ದನ ಅದಕ್ಕೆ ಅಷ್ಟಾಗಿ ಬಾಯಿ ಹಾಕಲ್ಲ, ಹಳದಿ ಹೂವಿಗೆ ಜೇನು ಬರುತ್ತೆ. ಹರಳು ಅಲ್ಲಲ್ಲಿ ದೂರ ದೂರ ಒಂದೊಂದು ಗಿಡ ಇದ್ರೆ ಸಾಕು.

ಇಪ್ಪತ್ತು ಇಪ್ಪತ್ತೈದು ದಿನಕ್ಕೆ ಎಡೆಕುಂಟೆ ಹೊಡೀರಿ, ಅಂದ್ರೆ ಸಾಲಿನ ನಡುವೆ ಕುಂಟೆ ಎಳೆದು ಕಳೆ ತೆಗೀರಿ, ಆಮೇಲೆ ಒಂದು ಕೈ ಕಳೆ. ಅಗಲ ಎಲೆ ಕಳೆಗೆ ಅಂತ ರಾಗಿಗೆ ಹೊಡೆಯೋ ಕಳೆನಾಶಕ 2,4-ಡಿ ಮಾತ್ರ ಈ ಹೊಲದ ಹತ್ರಾನೂ ತರಬೇಡಿ, ಅದಕ್ಕೆ ಕಳೆ ಯಾವುದು ಅವರೆ ಯಾವುದು ಅಂತ ಗೊತ್ತಾಗಲ್ಲ. ಅಕ್ಕಡಿ ನಮ್ಮ ಹೊಲಗಳಿಂದ ಮಾಯ ಆಗಿದ್ದಕ್ಕೆ ಇದೂ ಒಂದು ಕಾರಣ, ಇನ್ನೊಂದು ಕಟಾವು ಮಷಿನ್ನು, ಅದು ರಾಗಿ ಜೊತೆ ಅಕ್ಕಡಿ ಸಾಲನ್ನೂ ಕೊಯ್ದು ಹಾಕುತ್ತೆ.

ನಲವತ್ತು ದಿನಕ್ಕೆ ಒಂದು ಅಲಸಂದೆ ಗಿಡ ಬೇರು ಸಮೇತ ಮೆಲ್ಲಗೆ ಅಗೆದು ನೋಡಿ. ಬೇರಲ್ಲಿ ಸಾಸಿವೆ ಗಾತ್ರದಿಂದ ಹಿಡ್ಕೊಂಡು ಕಡ್ಲೆ ಗಾತ್ರದವರೆಗೂ ಗಂಟು ಇರ್ತವೆ, ಒಂದನ್ನ ಉಗುರಲ್ಲಿ ಸೀಳಿ, ಒಳಗೆ ತೆಳು ಕೆಂಪು ಬಣ್ಣ ಇದ್ರೆ ಗಾಳಿಯ ಸಾರಜನಕ ಹಿಡಿಯೋ ಕೆಲಸ ನಡೀತಿದೆ ಅಂತರ್ಥ. ಬಿಳಿಚಿಕೊಂಡೋ ಕಂದಾಗೋ ಇದ್ರೆ ಇಲ್ಲ. ಹಾಗಿದ್ರೆ ಮುಂದಿನ ಸಲ ಬಿತ್ತೋ ಮುಂಚೆ ಬೀಜಕ್ಕೆ ರೈಜೋಬಿಯಂ (ಆ ಸಾರಜನಕ ಹಿಡಿಯೋ ಬ್ಯಾಕ್ಟೀರಿಯಾ) ಲೇಪ ಮಾಡ್ಕೊಳ್ಳಿ.

ನವೆಂಬರ್‌ನಲ್ಲಿ ರಾಗಿ ಕೊಯ್ಲು, ಕುಡುಗೋಲಲ್ಲೇ, ಅಕ್ಕಡಿ ಸಾಲು ಬಿಟ್ಟು. ಆಳು ಸಿಗಲ್ಲ ಅನ್ನೋದು ನಿಜವೇ, ನಾವು ಮೂರು ಮನೆಯವರು ಮುಯ್ಯಾಳು ಮಾಡ್ಕೊಂಡಿದ್ದೀವಿ, ಅಂದ್ರೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ಕೂಲಿ ಇಲ್ದೆ ಬಂದು ದುಡಿಯೋದು. ಪಕ್ಕದ ಹೊಲದವ್ರಿಗೆ ನನಗಿಂತ ಒಂದು ಕ್ವಿಂಟಾಲ್ ರಾಗಿ ಜಾಸ್ತಿ ಬರುತ್ತೆ, 2024-25ರ ಬೆಂಬಲ ಬೆಲೆ ಕ್ವಿಂಟಾಲ್‌ಗೆ 4290 ರೂಪಾಯಿ ಇತ್ತು, ಆ ಲೆಕ್ಕದಲ್ಲಿ ನಾನು ಸೋತೆ. ಆದ್ರೆ ರಾಗಿ ಕೊಯ್ದ ಮೇಲೆ ಅವರ ಹೊಲ ಖಾಲಿ, ನಂದ್ರಲ್ಲಿ ಡಿಸೆಂಬರ್‌ಗೆ ಅವರೆಕಾಯಿ, ಜನವರಿಗೆ ತೊಗರಿ, ಅದಾದ್ಮೇಲೂ ಹರಳು ಒಂದೊಂದೇ ಗೊನೆ ಬಿಡಿಸ್ತಾ ಇರ್ತೀವಿ.

ಮುಂದಿನ ವರ್ಷದ ತೊಗರಿ ಬೀಜ ಎತ್ತಿಡೋದು ಹೀಗೆ: ಕೆಮ್ಮಣ್ಣು ಜರಡಿ ಹಿಡಿದು ನೀರಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಕಾಳಿಗೆ ಸವರಿ, ಎರಡು ಮೂರು ದಿನ ಗಟ್ಟಿ ಬಿಸಿಲಿಗೆ ಹಾಕಿ, ಕಾಳು ಕಾಳಿಗೆ ತಾಗಿದ್ರೆ ಟಣ್ ಅನ್ನೋವರೆಗೆ. ಹುಳ ಕೊರೆಯಲ್ಲ. ಡಬ್ಬದ ಮೇಲೆ ಯಾವ ಹೊಲದ್ದು ಅಂತ ಬರೆದಿಡಿ, ನಮ್ಮನೇಲಿ ಹೋದ ವರ್ಷ ಬೀಜದ ಡಬ್ಬಾನೇ ಸಾರಿಗೆ ಹೋಯ್ತು.