ಹಳೆ ಫ್ರೀಜರ್ ಕೊಳ್ಳುವಾಗ ಮೂಗಿಗೆ ಮೊದಲ ಕೆಲಸ

ಹಳೆ ಫ್ರೀಜರ್ ಮಾರುವವರು ಸಾಮಾನ್ಯವಾಗಿ ಅದನ್ನು ಚಾಲೂ ಮಾಡಿಟ್ಟೇ ತೋರಿಸುತ್ತಾರೆ. ಕೈ ಹಾಕಿದರೆ ಕೊರೆಯುತ್ತದೆ, ಗೋಡೆಗೆ ಹಿಮ ಹಿಡಿದಿರುತ್ತದೆ. ಇನ್ನೇನು ಬೇಕು ಅನಿಸುತ್ತದೆ, ಅಲ್ವಾ? ಆದರೆ ಮೈನಸ್ 18 ಡಿಗ್ರಿಯಲ್ಲಿ ಎಂಥ ಗಬ್ಬು ನಾತವೂ ಅಡಗಿ ಕೂತಿರುತ್ತದೆ. ವಾಸನೆ ಬರಬೇಕಾದರೆ ಅದರ ಕಣಗಳು ಆವಿಯಾಗಿ ಗಾಳಿಗೆ ಸೇರಬೇಕು. ಅಷ್ಟು ಚಳಿಯಲ್ಲಿ ಅವು ಏಳುವುದು ತೀರಾ ಕಡಿಮೆ.

ಹಾಗಾಗಿ ನೋಡಲು ಹೋಗುವ ಮೊದಲೇ ಫೋನ್ ಮಾಡಿ ಹೇಳಿಬಿಡಿ: ಹಿಂದಿನ ದಿನವೇ ಖಾಲಿ ಮಾಡಿ, ಒರೆಸಿ, ಆಫ್ ಮಾಡಿ, ಬಾಗಿಲು ಮುಚ್ಚಿಡಿ. ಒಳಗೆ ಸಾಮಾನಿದೆ ಎಂದರೆ ಖಾಲಿಯಾದ ಮೇಲೇ ಹೋಗಿ. ಇದಕ್ಕೆ ಸುತಾರಾಂ ಒಪ್ಪದವರ ಫ್ರೀಜರ್ ನಮಗೆ ಬೇಡ.

ಬಾಗಿಲು ತೆಗೆದಾಗ

ಮೊದಲ ಒಂದೆರಡು ಉಸಿರಿನಲ್ಲೇ ತೀರ್ಮಾನ ಮಾಡಬೇಕು. ಮೂಗು ಬಲು ಬೇಗ ಒಗ್ಗಿಹೋಗುತ್ತದೆ. ಅನುಮಾನ ಇದ್ದರೆ ಹೊರಗೆ ಹೋಗಿ ಸ್ವಲ್ಪ ಗಾಳಿ ಕುಡಿದು ಬಂದು ಮತ್ತೆ ಮೂಸಿ.

ಮುಚ್ಚಿಟ್ಟ ಡಬ್ಬಿಯ ಮುಗ್ಗಲು ವಾಸನೆಯಾದರೆ ಚಿಂತೆಯಿಲ್ಲ, ತೊಳೆದರೆ ಹೋಗುತ್ತದೆ. ಬೂಷ್ಟಿನ ವಾಸನೆಯಾದರೆ ಬಾಗಿಲ ಸುತ್ತಲಿನ ರಬ್ಬರ್ ನೋಡಿ, ಬಹಳ ಸಲ ಮೂಲ ಅಲ್ಲೇ ಇರುತ್ತದೆ. ಸುಟ್ಟ ವಾಸನೆ ಬಂದರೆ ಮಾತೇ ಬೇಡ, ವಾಪಸ್ ಬನ್ನಿ. ರೂಮ್ ಫ್ರೆಶ್ನರ್ ಘಮ್ ಎಂದರೆ ಏನನ್ನೋ ಮುಚ್ಚಿಡಲು ನೋಡಿದ್ದಾರೆ ಎಂದೇ ಲೆಕ್ಕ.

ಕೊಳೆತ ಮೀನು, ಮಾಂಸದ ನಾತ ಬಂದರೆ ಮಾತ್ರ ನಿಧಾನವಾಗಿ ನೋಡಬೇಕು. ಕರೆಂಟ್ ಹೋಗಿಯೋ ಪ್ಲಗ್ ಕಿತ್ತುಕೊಂಡೋ ಒಳಗಿದ್ದದ್ದು ಕರಗಿ ಕೊಳೆತಿರುತ್ತದೆ. ಅದರ ನೀರು ಎಲ್ಲೆಲ್ಲಿಗೆ ಹರಿದಿದೆ ಎನ್ನುವುದೇ ಪ್ರಶ್ನೆ. ಮೊಬೈಲ್ ಟಾರ್ಚ್ ಹಾಕಿ ಒಳಗೋಡೆಯ ಮೂಲೆ, ಸ್ಕ್ರೂ ತೂತು, ಬಿರುಕು, ತಳದಲ್ಲಿ ನೀರು ಹೋಗುವ ತೂತು ಎಲ್ಲ ನೋಡಿ. ಫ್ರೀಜರ್ ಗೋಡೆಯ ಹಿಂದೆ ಚಳಿ ಹಿಡಿದಿಡುವ ಫೋಮ್ ಇರುತ್ತದೆ. ಕೊಳೆತ ನೀರು ಬಿರುಕಿನಿಂದ ಆ ಫೋಮಿಗೆ ಇಳಿದಿದ್ದರೆ ಯಾವ ಸೋಪೂ ಅಲ್ಲಿಗೆ ಮುಟ್ಟುವುದಿಲ್ಲ. ಬಿರುಕಿಗೇ ಮೂಗು ಹಿಡಿದು ನೋಡಿ. ನಾತ ಅಲ್ಲಿಂದಲೇ ಜಾಸ್ತಿ ಬರುತ್ತಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಈಗ ಚಾಲೂ ಮಾಡಿಸಿ

ಮೂಗು ಒಪ್ಪಿದ ಮೇಲೆ ಮಷಿನ್ ನೋಡಿ. ಕಂಪ್ರೆಸರ್ ಒಂದೇ ಸಮ ಗುಂಯ್ ಎನ್ನಬೇಕು. ಟಕ್ ಎಂದು ಶುರುವಾಗಿ, ಕೂಡಲೇ ನಿಂತು, ಮತ್ತೆ ಟಕ್ ಎನ್ನುತ್ತಿದ್ದರೆ ಅದರಲ್ಲೇನೋ ದೋಷವಿದೆ. ಪೆಟ್ಟಿಗೆಯಂಥ ಫ್ರೀಜರಿನ ಹೊರಗೋಡೆ ಬೆಚ್ಚಗಾದರೆ ಹೆದರಬೇಡಿ, ಒಳಗಿನ ಶಾಖ ಹೊರಹಾಕುವ ಕೊಳವೆಗಳು ಅಲ್ಲೇ ಇರುತ್ತವೆ. ಒಂದೆರಡು ಗಂಟೆ ಬಿಟ್ಟು ಒಳಗೆ ನೋಡಿ. ಹಿಮ ಒಂದೇ ಮೂಲೆಯಲ್ಲಿ ಕಟ್ಟಿ ಉಳಿದ ಕಡೆ ಏನೂ ಇಲ್ಲದಿದ್ದರೆ ತಂಪು ಮಾಡುವ ಗ್ಯಾಸ್ ಕಡಿಮೆಯಾಗಿರಬಹುದು. ಬಾಗಿಲಿಗೆ ಒಂದು ಕಾಗದದ ಚೂರು ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಆ ಜಾಗದಲ್ಲಿ ರಬ್ಬರ್ ಸಡಿಲ.

ಹಿಂದಿನ ತಗಡಿನ ಚೀಟಿಯಲ್ಲಿ ಗ್ಯಾಸಿನ ಹೆಸರೂ ಇರುತ್ತದೆ. ಆರ್-12 ಎಂದಿದ್ದರೆ ಬಿಟ್ಟುಬಿಡಿ. ಓಝೋನ್ ಪದರಕ್ಕೆ ಕುತ್ತು ತರುವ ಆ ಗ್ಯಾಸನ್ನು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಹಂತಹಂತವಾಗಿ ನಿಲ್ಲಿಸಲಾಯಿತು. ಆರ್-600ಎ ಆದರೆ ತೊಂದರೆಯಿಲ್ಲ. ಆದರೆ ಅದು ಹೊತ್ತಿಕೊಳ್ಳುವ ಗ್ಯಾಸ್, ಹಿಮ ಕೀಳಲು ಚಾಕು ಹಾಕಿ ಕೊಳವೆ ತೂತು ಮಾಡಬೇಡಿ.

ಸಾಗಿಸುವಾಗ ನಿಲ್ಲಿಸಿಯೇ ತನ್ನಿ. ಮಲಗಿಸಿ ತಂದಿದ್ದರೆ ಕಂಪ್ರೆಸರಿನ ಎಣ್ಣೆ ಕೊಳವೆಗೆ ಹರಿದಿರುತ್ತದೆ. ಒಂದು ದಿನ ನಿಲ್ಲಿಸಿಟ್ಟು ಆಮೇಲೆ ಪ್ಲಗ್ ಹಾಕಿ.

ತೊಳೆಯುವ ಕ್ರಮ

ಪ್ಲಗ್ ತೆಗೆಯಿರಿ. ಬುಟ್ಟಿ, ತಟ್ಟೆ ಎಲ್ಲ ಹೊರಗಿಡಿ. ಮೊದಲು ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು. ಜಿಡ್ಡಿನ ಪದರ ಹೋಗದೆ ಮುಂದಿನದು ಯಾವುದೂ ಕೆಲಸ ಮಾಡುವುದಿಲ್ಲ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಬಿರುಕು ಬಿಟ್ಟೀತು. ಸ್ಟೀಲ್ ನಾರೂ ಬೇಡ, ಗೀರಿನಲ್ಲಿ ಕೊಳೆ ಕೂರುತ್ತದೆ.

ಆಮೇಲೆ ನಾತಕ್ಕೆ ತಕ್ಕ ಮದ್ದು. ಮೀನಿನ ನಾತ ಕ್ಷಾರದ ಗುಣದ್ದು, ಅದಕ್ಕೆ ಹುಳಿ ಬೇಕು. ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಒರೆಸಿ. ಹಳಸಿದ ಹಾಲು, ಕೆಟ್ಟ ಬೆಣ್ಣೆಯ ನಾತ ಹುಳಿಯ ಗುಣದ್ದು. ಅದಕ್ಕೆ ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡಾ. ಎರಡನ್ನೂ ಒಟ್ಟಿಗೆ ಸುರಿಯುವವರೇ ಜಾಸ್ತಿ. ಬುಸುಬುಸು ನೊರೆ ನೋಡಲು ಚೆಂದ, ಆದರೆ ಒಂದರ ಬಲವನ್ನು ಇನ್ನೊಂದು ತಿಂದುಹಾಕುತ್ತದೆ. ಎರಡೂ ಬೇಕಿದ್ದರೆ ಒಂದಾದ ಮೇಲೊಂದು ಹಾಕಿ, ನಡುವೆ ನೀರಿನಲ್ಲಿ ಒರೆಸಿ.

ಬಾಗಿಲಿನ ರಬ್ಬರಿಗೆ ಪುರುಸೊತ್ತು ಬೇಕು. ಮಡಿಕೆಯನ್ನು ಬೆರಳಿನಿಂದ ಬಿಡಿಸಿ, ಹಳೆ ಟೂತ್ ಬ್ರಷ್ ಸೋಪು ನೀರಿಗದ್ದಿ ಉಜ್ಜಿ. ಕಪ್ಪು ಗೆರೆ ಅಂಟಂಟಾಗಿ ಬ್ರಷ್ಷಿಗೆ ಬರುತ್ತದೆ. ಅದು ಬರುವುದು ನಿಲ್ಲುವ ತನಕ ಉಜ್ಜಬೇಕು. ಬೂಷ್ಟಿನ ಕಲೆ ಹೋಗದಿದ್ದರೆ ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬ್ಲೀಚ್ ಹಾಕಿ ಒರೆಸಿ, ಆಮೇಲೆ ನೀರಿನಲ್ಲಿ ತೊಳೆಯಿರಿ. ವಿನೆಗರ್ ಇದ್ದಲ್ಲಿ ಬ್ಲೀಚ್ ಖಂಡಿತ ತಾಗಬಾರದು, ವಿಷದ ಕ್ಲೋರಿನ್ ಏಳುತ್ತದೆ.

ಒಳಗೆಲ್ಲ ಫಳಫಳ ಎಂದರೂ ನಾತ ಉಳಿದಿದ್ದರೆ ಇನ್ನೆರಡು ಜಾಗ ಬಾಕಿ ಇವೆ. ತಳದ ತೂತಿಗೆ ಸೋಡಾ ನೀರು ಸುರಿದು ಹೊರಗೆ ಹರಿಸಿ. ತಾನೇ ಹಿಮ ಕರಗಿಸುವ ನಿಲುವಿನ ಫ್ರೀಜರಾದರೆ ಹಿಂದುಗಡೆ ಕಂಪ್ರೆಸರ್ ಹತ್ತಿರ ನೀರು ಬೀಳುವ ತಟ್ಟೆಯೊಂದಿರುತ್ತದೆ. ಅಲ್ಲಿ ಕೈ ಹಾಕುವವರೇ ಕಡಿಮೆ.

ಒಣಗಲು ಬಿಡಿ

ಬಾಗಿಲು ತೆರೆದು ಫ್ಯಾನ್ ಹಾಕಿ, ಎರಡು ದಿನ ಬಿಡಿ. ಮನೆಯಲ್ಲಿ ಮಕ್ಕಳಿದ್ದರೆ ಆ ಕೋಣೆಗೆ ಬೀಗ ಹಾಕಿ, ಬಾಗಿಲು ಮುಚ್ಚದಂತೆ ಹಗ್ಗದಲ್ಲಿ ಕಟ್ಟಿ. ಆಟಕ್ಕೆಂದು ಒಳಗೆ ಕೂತ ಮಗು ಉಸಿರುಗಟ್ಟಿ ಸಾಯಬಹುದು. ಹಳೆ ಕೊಂಡಿಯ ಬಾಗಿಲು ಒಳಗಿನಿಂದ ತೆರೆಯುವುದೇ ಇಲ್ಲ.

ಒಣಗಿದ ಮೇಲೂ ಸಣ್ಣ ವಾಸನೆ ಇದ್ದರೆ ಅಗಲ ತಟ್ಟೆಗಳಲ್ಲಿ ಆಕ್ಟಿವೇಟೆಡ್ ಇದ್ದಿಲು ಹರಡಿ, ಸುತ್ತ ಮುದ್ದೆ ಮಾಡಿದ ನ್ಯೂಸ್ ಪೇಪರ್ ತುಂಬಿ, ಬಾಗಿಲು ಮುಚ್ಚಿ ಐದಾರು ದಿನ ಬಿಡಿ. ಈ ಇದ್ದಿಲಿನ ಕಣ್ಣಿಗೆ ಕಾಣದ ತೂತುಗಳು ವಾಸನೆಯನ್ನು ಹಿಡಿದುಕೊಳ್ಳುತ್ತವೆ, ಒಲೆಯ ಇದ್ದಿಲಿಗೆ ಅಷ್ಟು ಶಕ್ತಿಯಿಲ್ಲ. ಕಾಫಿ ಪುಡಿ ಇಟ್ಟರೆ ಕಾಫಿ ವಾಸನೆ ಬರುತ್ತದೆ, ಅಷ್ಟೇ. ಸುಮ್ನೆ ಸೆಂಟು ಹೊಡೆಯಬೇಡಿ, ಅದೂ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ.

ಕೊನೆಗೆ ಫ್ರೀಜರ್ ಚಾಲೂ ಮಾಡಿ ಬಾಯಿ ತೆರೆದ ಬಟ್ಟಲಲ್ಲಿ ನೀರಿಡಿ. ಗಟ್ಟಿಯಾದ ಮೇಲೂ ಒಂದೆರಡು ದಿನ ಅಲ್ಲೇ ಇರಲಿ, ಆಮೇಲೆ ಹೊರತೆಗೆದು ಕರಗಿಸಿ ಮೂಸಿ. ಐಸ್ ಸುತ್ತಲಿನ ವಾಸನೆಯನ್ನು ಬೇಗ ಹೀರುತ್ತದೆ. ಏನೂ ಗೊತ್ತಾಗದಿದ್ದರೆ ಸಾಮಾನು ತುಂಬಿ. ಇಷ್ಟೆಲ್ಲ ಎರಡು ಸುತ್ತು ಮಾಡಿದ ಮೇಲೂ ನಾತ ಬಂದರೆ ಅದು ಫೋಮಿನಲ್ಲಿದೆ. ಅಂಥದ್ದರಲ್ಲಿ ಗಾಳಿಯಾಡದಂತೆ ಸೀಲ್ ಮಾಡಿದ ಪ್ಯಾಕೆಟ್ ಮಾತ್ರ ಇಡಬಹುದು. ಇಲ್ಲವಾದರೆ ಗ್ಯಾಸನ್ನು ಸರಿಯಾಗಿ ಹೊರತೆಗೆದು ಬಿಚ್ಚುವವರಿಗೆ ಗುಜರಿಗೆ ಕೊಟ್ಟುಬಿಡಿ.