ಕ್ರಿಸ್‌ಮಸ್ ಟ್ರೀ: ಬುಡದ ನೀರಿನಿಂದ ತುದಿಯ ನಕ್ಷತ್ರದವರೆಗೆ

ಮನೆಯಲ್ಲಿ ನಿಜವಾದ ಮರವನ್ನೇ ಕ್ರಿಸ್‌ಮಸ್ ಟ್ರೀಯಾಗಿ ನಿಲ್ಲಿಸುವವರು ಅಲಂಕಾರಕ್ಕಿಂತ ಮೊದಲು ಅದರ ಬುಡವನ್ನು ನೋಡಬೇಕು. ಫರ್ ಅಥವಾ ಸ್ಪ್ರೂಸ್ ಮರವನ್ನು ಆರಿಸುವಾಗ ಒಂದು ರೆಂಬೆಯನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲನೆ ಎಳೆಯಿರಿ. ಸೂಜಿಯೆಲೆಗಳು ಕೈಗೆ ಉದುರಿ ಬಂದರೆ ಮರ ಒಣಗಿದೆಯೆಂದೇ ತಿಳಿಯಬೇಕು. ಕಡಿದ ಜಾಗದಲ್ಲಿ ರಾಳ ಒಸರಿ ನೀರಿನ ದಾರಿಯನ್ನು ಮುಚ್ಚುವುದರಿಂದ, ಸ್ಟ್ಯಾಂಡಿಗೆ ಇಳಿಸುವ ಮುನ್ನ ಬುಡದಲ್ಲಿ ಎರಡು ಮೂರು ಸೆಂಟಿಮೀಟರ್ ದಪ್ಪದ ಬಿಲ್ಲೆಯನ್ನು ಗರಗಸದಿಂದ ನೇರವಾಗಿ ಕೊಯ್ದು ತೆಗೆದು, ತಡಮಾಡದೆ ನೀರಿನಲ್ಲಿ ನಿಲ್ಲಿಸಬೇಕು. ಸ್ಟ್ಯಾಂಡಿಗೆ ಹಿಡಿಸಲಿಲ್ಲವೆಂದು ಬುಡದ ಸುತ್ತ ಕೆತ್ತಬಾರದು, ಏಕೆಂದರೆ ನೀರು ಹೆಚ್ಚಾಗಿ ಮೇಲೇರುವುದು ಕಾಂಡದ ಹೊರಪದರಗಳಲ್ಲೇ. ಬರಿಯ ನೀರು ಸಾಕು. ಆದರೆ ದಿನವೂ ನೋಡಿ ತುಂಬಿಸಬೇಕು.

ಅಲಂಕಾರದಲ್ಲಿ ದೀಪದ ಸರಕ್ಕೆ ಮೊದಲ ಸ್ಥಾನ. ಕಾಂಡದ ಬಳಿಯಿಂದ ರೆಂಬೆಯ ತುದಿಗೆ ಹೋಗಿ ಮರಳುವಂತೆ ಸುತ್ತಿದರೆ ಮರ ಒಳಗಿನಿಂದಲೇ ಬೆಳಗುತ್ತದೆ. ಹಿಂದೆ ಈ ಕೆಲಸಕ್ಕೆ ಮೇಣದಬತ್ತಿಗಳಿದ್ದವು, ಪಕ್ಕದಲ್ಲೇ ನೀರಿನ ಬಕೆಟನ್ನೂ ಇಡುತ್ತಿದ್ದರು. 1882ರಲ್ಲಿ ಎಡಿಸನ್ನರ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕಿನ ತಮ್ಮ ಮನೆಯ ಮರಕ್ಕೆ 80 ವಿದ್ಯುತ್ ಬಲ್ಬುಗಳನ್ನು ಕಟ್ಟಿದರು. ಸಂಪ್ರದಾಯದ ಹೆಸರಿನಲ್ಲಿ ಮೇಣದಬತ್ತಿಗೆ ಮರಳುವುದು ಬೇಡ. ಅಷ್ಟಾಗಿ ಬಿಸಿಯಾಗದ ಎಲ್‌ಇಡಿಯೇ ಉತ್ತಮ.

ಅನಂತರ ತೂಗುವ ಒಡವೆಗಳು. ಭಾರವಾದವು ಕಾಂಡದ ಹತ್ತಿರ, ಹಗುರವಾದವು ತುದಿಯಲ್ಲಿ. ಕೆಂಪು ಗುಂಡುಗಳಿಗೆ ಮರದಷ್ಟೇ ಹಳೆಯ ಕಥೆಯಿದೆ. ಮಧ್ಯಯುಗದ ಜರ್ಮನಿಯಲ್ಲಿ ಆದಾಮ ಮತ್ತು ಹವ್ವರ ದಿನವಾದ ಡಿಸೆಂಬರ್ 24ರ ನಾಟಕಗಳಿಗೆ ಸೇಬು ಕಟ್ಟಿದ ಮರವೇ ಏದೆನ್ ತೋಟವಾಗಿತ್ತು. 1605ರ ಸ್ಟ್ರಾಸ್‌ಬರ್ಗಿನ ಬರಹವೊಂದು ಮನೆಯೊಳಗಿನ ಫರ್ ಮರಗಳಿಗೆ ಕಾಗದದ ಗುಲಾಬಿ, ಸೇಬು, ಬಿಲ್ಲೆರೊಟ್ಟಿ, ಸಿಹಿತಿಂಡಿಗಳನ್ನು ತೂಗುಹಾಕುತ್ತಿದ್ದುದನ್ನು ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಲೌಶಾ ಊರಿನ ಕುಶಲಕರ್ಮಿಗಳು ಊದಿ ಮಾಡಿದ ಗಾಜಿನ ಗುಂಡುಗಳು ಹಣ್ಣಿನ ಜಾಗಕ್ಕೆ ಬಂದವು. ರಾಣಿ ವಿಕ್ಟೋರಿಯಾ ಕುಟುಂಬ ಮರದ ಸುತ್ತ ನಿಂತ ಚಿತ್ರವು 1848ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಈ ಪದ್ಧತಿ ಇಂಗ್ಲಿಷ್ ಮನೆಗಳಿಗೂ ಹಬ್ಬಿತು. ಕಾಗದದ ಗುಲಾಬಿಯನ್ನು ಮಕ್ಕಳ ಕೈಯಲ್ಲೇ ಮಾಡಿಸಬಹುದು. ಈ ಅಲಂಕಾರದ ಮೂಲಕ್ಕೆ ಅಷ್ಟು ಹತ್ತಿರವಾದದ್ದು ಬೇರೆ ಸಿಗಲಾರದು.

ಬೆತ್ಲೆಹೇಮಿನ ನಕ್ಷತ್ರವನ್ನೋ ದೇವದೂತನನ್ನೋ ತುದಿಗೆ ಕೊನೆಯಲ್ಲಿ ಏರಿಸಿ. ಮಲಗುವಾಗ ದೀಪ ಆರಿಸಿ, ಹೀಟರ್ ಹತ್ತಿರ ಮರವನ್ನು ಇಡಬೇಡಿ. ಜನವರಿ 6ರ ಎಪಿಫನಿ ಹಬ್ಬದ ಹೊತ್ತಿಗೆ ಇಳಿಸುವುದು ಹಲವು ದೇಶಗಳ ರೂಢಿ. ಎಲೆಗಳು ಅದಕ್ಕೂ ಮೊದಲೇ ಗರಿಗರಿಯಾಗಿ ಒಣಗಿದರೆ ಆ ದಿನಕ್ಕಾಗಿ ಕಾಯದೆ ಮರವನ್ನು ಹೊರಗೆ ಸಾಗಿಸಿಬಿಡಿ.