ಹಿಮ್ಮಡಿ ನೋವಿಗೆ ಶಾಕ್‌ವೇವ್: ಮೊದಲು ಹೆಬ್ಬೆರಳು, ಆಮೇಲೆ ಮೆಷಿನ್

"ಮೇಡಂ, ಕರೆಂಟ್ ಕೊಡ್ತೀರಾ?"

ಶಾಕ್‌ವೇವ್, ಅಂದರೆ ನೋವಿನ ಜಾಗಕ್ಕೆ ಮೆಷಿನ್‌ನಿಂದ ಬಡಿತ ಕೊಡುವ ಚಿಕಿತ್ಸೆ, ಅಂದ ಕೂಡಲೇ ಹೆಚ್ಚಿನವರು ಕೇಳುವುದು ಇದನ್ನೇ. ದಾವಣಗೆರೆಯ ಒಬ್ಬ ದೋಸೆ ಭಟ್ಟರೂ ಕೇಳಿದರು. ದಿನಕ್ಕೆ ಹತ್ತು ಗಂಟೆ ಹಂಚಿನ ಮುಂದೆ, ಕಲ್ಲಿನ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲುವವರು. ಎಂಟು ತಿಂಗಳಿಂದ ಬಲ ಹಿಮ್ಮಡಿ ನೋವು. ಬೆಳಿಗ್ಗೆ ಹಾಸಿಗೆಯಿಂದ ಇಳಿದರೆ ಮೊದಲ ಹೆಜ್ಜೆ ಮುಳ್ಳು ತುಳಿದ ಹಾಗೆ ಇರುತ್ತಿತ್ತಂತೆ.

ಇದರಲ್ಲಿ ಕರೆಂಟ್ ಮೈಗೆ ಹರಿಯುವುದಿಲ್ಲ. ನಾನು ಬಳಸುವುದು ರೇಡಿಯಲ್ ಮೆಷಿನ್. ಒತ್ತಡದ ಗಾಳಿ ಹ್ಯಾಂಡ್‌ಪೀಸ್ ಒಳಗಿನ ಸಣ್ಣ ಲೋಹದ ಗುಂಡನ್ನು ದೂಡುತ್ತದೆ, ಅದು ತುದಿಗೆ ಬಡಿಯುತ್ತದೆ, ಆ ಬಡಿತ ಚರ್ಮ ದಾಟಿ ಒಳಗೆ ಇಳಿಯುತ್ತದೆ. ಟಕ ಟಕ ಟಕ ಅಂತ ಸದ್ದು ಜೋರಾಗಿಯೇ ಇರುತ್ತದೆ. ಅದಕ್ಕೇ ಶುರು ಮಾಡುವ ಮುಂಚೆ ಒಮ್ಮೆ ನನ್ನ ಅಂಗೈ ಮೇಲೆ ಓಡಿಸಿ ತೋರಿಸುತ್ತೇನೆ.

ಭಟ್ಟರು ಎಕ್ಸ್‌ರೇ ತಂದಿದ್ದರು. ಹಿಮ್ಮಡಿಯಲ್ಲಿ ಮೂಳೆ ಬೆಳೆದಿದೆ, ಅದನ್ನು ಪುಡಿ ಮಾಡಿಬಿಡಿ ಅಂದರು. ಹಾಗೆ ಅಂದುಕೊಳ್ಳುವುದು ಸಹಜ. ಈ ಚಿಕಿತ್ಸೆ ಹುಟ್ಟಿದ್ದೇ ಕಿಡ್ನಿ ಕಲ್ಲು ಒಡೆಯಲು. 1980ರ ಫೆಬ್ರವರಿಯಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮೊದಲ ರೋಗಿಗೆ ಕೊಟ್ಟರು. ಮೆಷಿನ್ ಮಾಡಿದ್ದು ವಿಮಾನ ತಯಾರಿಸುತ್ತಿದ್ದ ಡೋರ್ನಿಯರ್ ಕಂಪನಿ. ಆದರೆ ಹಿಮ್ಮಡಿಯಲ್ಲಿ ನಾವು ಏನನ್ನೂ ಒಡೆಯುವುದಿಲ್ಲ. ಮೂಳೆ ಬೆಳೆದೂ ನೋವೇ ಇಲ್ಲದವರು ಬೇಕಾದಷ್ಟು ಜನ ಇದ್ದಾರೆ. ನೋವು ಇರುವುದು ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಹೋಗುವ ದಪ್ಪ ಪಟ್ಟಿಯಲ್ಲಿ. ಅದೇ ಪ್ಲಾಂಟರ್ ಫೇಶಿಯಾ. ವಾಸಿಯಾಗದೆ ನಿಂತುಬಿಟ್ಟ ಆ ಜಾಗವನ್ನು ಬಡಿದು ಎಬ್ಬಿಸಿ, ಮತ್ತೆ ರಿಪೇರಿಗೆ ಹಚ್ಚುವುದು ನಮ್ಮ ಕೆಲಸ.

ಇದನ್ನು ಮಾಡುವ ರೀತಿ ನಾನು ಕಲಿತದ್ದು ಒಂದು ತಪ್ಪಿನಿಂದ. ಮೆಷಿನ್ ಬಂದ ಹೊಸತರಲ್ಲಿ ಒಬ್ಬ ಟೀಚರ್ ಬಂದಿದ್ದರು. ಚಾರ್ಟ್‌ನಲ್ಲಿ ಇದ್ದ ಒತ್ತಡವನ್ನು ಮೊದಲ ನಿಮಿಷದಿಂದಲೇ ಇಟ್ಟೆ. ಅವರು ಮಂಚದ ಅಂಚನ್ನು ಬಿಗಿಯಾಗಿ ಹಿಡಿದುಕೊಂಡು "ಪರವಾಗಿಲ್ಲ" ಅಂದರು. ನಾನು ನೋಡುತ್ತಿದ್ದದ್ದು ಸ್ಕ್ರೀನನ್ನು, ಅವರ ಮುಖವನ್ನಲ್ಲ. ಮುಂದಿನ ವಾರ ಅವರು ಬರಲಿಲ್ಲ. ಫೋನ್ ಮಾಡಿದಾಗ, ಆ ರಾತ್ರಿ ನಿದ್ದೆಯೇ ಬರಲಿಲ್ಲ ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಈಗ ಮೊದಲು ಹೆಬ್ಬೆರಳಿನ ಕೆಲಸ. ಭಟ್ಟರನ್ನು ಬೋರಲಾಗಿ ಮಲಗಿಸಿ, ಎಡಗೈಯಲ್ಲಿ ಅವರ ಕಾಲಿನ ಹೆಬ್ಬೆರಳನ್ನು ಮೇಲಕ್ಕೆ ಬಗ್ಗಿಸಿದೆ. ಪಾದದ ಕೆಳಗಿನ ಪಟ್ಟಿ ತಂತಿಯ ಹಾಗೆ ಬಿಗಿಯಿತು. ಬಲಗೈ ಹೆಬ್ಬೆರಳಿನಿಂದ ಹಿಮ್ಮಡಿಯ ಒಳಬದಿಯನ್ನು ನಿಧಾನಕ್ಕೆ ಒತ್ತುತ್ತಾ ಬಂದೆ. ಚರ್ಮ ದಪ್ಪ, ಒಡೆದಿತ್ತು, ಒಳಗಿನದು ಸುಲಭಕ್ಕೆ ಸಿಗಲಿಲ್ಲ. ಮೂರನೇ ಸಲ ಒತ್ತಿದಾಗ ಇಡೀ ಕಾಲು ಜಗ್ಗಿಕೊಂಡರು. "ಅಲ್ಲೇ, ಅಲ್ಲೇ!" ಒಂದು ರೂಪಾಯಿ ನಾಣ್ಯದಷ್ಟು ಜಾಗ. ಪೆನ್ನಿನಿಂದ ಗುರುತು ಹಾಕಿ ಜೆಲ್ ಹಚ್ಚಿದೆ.

ಗಾಳಿಯ ಒತ್ತಡ 1.5 ಬಾರ್‌ನಿಂದ ಶುರು. ಸೆಕೆಂಡಿಗೆ 10 ಬಡಿತ. ಮೊದಲ 300 ಬಡಿತ ಹಾಗೇ ಬಿಟ್ಟು, ಆಮೇಲೆ ಸ್ವಲ್ಪ ಸ್ವಲ್ಪವೇ ಏರಿಸಿ 2.5ಕ್ಕೆ ತಂದೆ. ನೋವು ಹತ್ತಕ್ಕೆ ಎಷ್ಟು ಅಂತ ನಡುನಡುವೆ ಕೇಳುತ್ತೇನೆ. ಆರು ದಾಟಿದರೆ ಇಳಿಸುತ್ತೇನೆ. ಒಟ್ಟು 2000 ಬಡಿತ, ಮೂರೂವರೆ ನಿಮಿಷದೊಳಗೆ ಮುಗಿಯುತ್ತದೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮಾಡಬಹುದಲ್ವಾ ಅಂತ ಕೇಳುತ್ತಾರೆ. ಹಾಗೆ ಮಾಡಿದರೆ ಪರಿಣಾಮ ಕಡಿಮೆಯಾಗುತ್ತದೆ. ಸರಿಯಾದ ಜಾಗದಲ್ಲಿದ್ದೇನೋ ಇಲ್ಲವೋ ಅಂತ ನನಗೂ ತಿಳಿಯುವುದಿಲ್ಲ.

ಎಲ್ಲರಿಗೂ ಇದನ್ನು ಮಾಡುವುದಿಲ್ಲ. ಗರ್ಭಿಣಿಯರು, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು, ಆ ಜಾಗದಲ್ಲಿ ಗಡ್ಡೆ ಇರುವವರು, ಮೂಳೆ ಇನ್ನೂ ಬೆಳೆಯುತ್ತಿರುವ ಮಕ್ಕಳು, ಇವರಿಗೆ ಬೇಡ. ಹಿಮ್ಮಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಆಗಿದ್ದರೆ ಆರು ವಾರ ಕಾಯಿಸುತ್ತೇನೆ. ನೋವು ಶುರುವಾಗಿ ಹದಿನೈದೇ ದಿನ ಆಗಿದ್ದರೆ ಮೆಷಿನ್ ಮುಟ್ಟುವುದೇ ಇಲ್ಲ. ಮೆತ್ತನೆ ಚಪ್ಪಲಿ, ಸ್ಟ್ರೆಚಿಂಗ್ ಸಾಕು.

ಎರಡನೇ ವಾರ ಭಟ್ಟರು ಬೇಸರದಲ್ಲೇ ಬಂದರು. "ನೋವು ಜಾಸ್ತಿನೇ ಆಗಿದೆ ಮೇಡಂ, ಸುಮ್ನೆ ದುಡ್ಡು ದಂಡ ಆಗ್ತಿದೆಯಾ?" ಒಂದೆರಡು ದಿನ ನೋವು ಏರುವುದುಂಟು, ನಿಜವಾದ ಫಲ ಗೊತ್ತಾಗಲು ಆರರಿಂದ ಹನ್ನೆರಡು ವಾರ ಬೇಕು ಅಂತ ಮೊದಲ ದಿನವೇ ಬಿಡಿಸಿ ಹೇಳಬೇಕಿತ್ತು. ಅದನ್ನು ನಾನು ಸರಿಯಾಗಿ ಹೇಳಿರಲಿಲ್ಲ. ಅವತ್ತು ಅರ್ಧ ಗಂಟೆ ಕೂತು ಹೇಳಿದೆ.

ಮನೆಗೆ ಒಂದು ವ್ಯಾಯಾಮ ಕೊಟ್ಟೆ. ಮೆಟ್ಟಿಲ ತುದಿಯಲ್ಲಿ ನಿಂತು, ಬೆರಳುಗಳ ಕೆಳಗೆ ಟವೆಲ್ ಸುರುಳಿ ಇಟ್ಟು, ಹಿಮ್ಮಡಿ ಎತ್ತಬೇಕು. ಮೂರು ಸೆಕೆಂಡಿನಲ್ಲಿ ಮೇಲೆ, ಎರಡು ಸೆಕೆಂಡ್ ತಡೆ, ಮೂರು ಸೆಕೆಂಡಿನಲ್ಲಿ ಕೆಳಗೆ. ದಿನ ಬಿಟ್ಟು ದಿನ. ಇದಿಲ್ಲದೆ ಬರೀ ಬಡಿತದಿಂದ ಪಟ್ಟಿಗೆ ಬಲ ಬರುವುದಿಲ್ಲ. ಆಮೇಲೆ ಚಪ್ಪಲಿ ವಿಷಯ. ಅಡುಗೆಮನೆಯಲ್ಲಿ ಚಪ್ಪಲಿ ಹಾಕುವುದಿಲ್ಲ ಅಂದರು. ಒತ್ತಾಯ ಮಾಡಲಿಲ್ಲ. ಒಲೆ ಮುಂದೆ ದಪ್ಪ ರಬ್ಬರ್ ಮ್ಯಾಟ್ ಹಾಕಿಕೊಳ್ಳಲು ಒಪ್ಪಿದರು.

ವಾರಕ್ಕೊಂದರಂತೆ ನಾಲ್ಕು ಸಿಟ್ಟಿಂಗ್ ಆಯಿತು. ಹನ್ನೆರಡನೇ ವಾರ ಅವರೇ ಫೋನ್ ಮಾಡಿದರು. ಭಾನುವಾರ ಜನ ಜಾಸ್ತಿ ಇದ್ದರೆ ರಾತ್ರಿಗೆ ಇನ್ನೂ ಸ್ವಲ್ಪ ಹಿಡಿಯುತ್ತದಂತೆ. "ಆದ್ರೆ ಇವತ್ತು ಎದ್ದವನು ಸೀದಾ ಬಚ್ಚಲಿಗೆ ಹೋಗ್ಬಿಟ್ಟೆ ಮೇಡಂ. ಹಲ್ಲು ಉಜ್ಜುವಾಗ ನೆನಪಾಯ್ತು, ಅಯ್ಯೋ, ಗೋಡೆನೇ ಹಿಡಿದಿಲ್ಲ ಅಂತ."